ಜಿನಸ್ತುತಿಪ್ರಿಯ ಹುಳ್ಳ ದಂಡನಾಯಕ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

ಶ್ರೀ ವೀತರಾಗಾಯ ನಮಃ

 

ಜಿನಬಿಂಬ ಪ್ರತಿಷ್ಠೆಯ ಶುಭಸಂದರ್ಭದಲ್ಲಿ ಹಿಂದಿನ ಧರ್ಮಪುರುಷರನ್ನು ನೆನೆಯುವುದು ಸತ್ಸಂಪ್ರದಾಯ. ಹಾಗೆ ನೆನೆಯಲು ಯೋಗ್ಯರಾದವರು ಈ ಜಿಲ್ಲೆಯಲ್ಲಿ ಅನೇಕರು ಆಗಿಹೋಗಿದ್ದಾರೆ. ಅವರಲ್ಲಿ ಮೂವರು ಅರಸರ ಕಾಲವನ್ನು ಕಂಡು, ರಾಜ್ಯಭಾರದ ಹೊರೆಯನ್ನು ಹೊತ್ತು, ತಂದೆತಾಯಿಗಳಿಗೂ ಮಡದಿಗೂ ಒಡಹುಟ್ಟಿದವರಿಗೂ ಕೀರ್ತಿ ತಂದು, ಜಿನಸ್ತುತಿಯಲ್ಲಿ ಮೈಮರೆಯುತ್ತಿದ್ದ ಒಬ್ಬ ಗೃಹಸ್ಥನ ಜೀವನವು ಇಂದಿನ ಸಮಾರಂಭಕ್ಕೆ ಬಹಳ ಹತ್ತಿರವಾದುದು. ಅವನೇ ಹೊಯ್ಸಳರ ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಹುಳ್ಳರಾಜ.

ಹುಳ್ಳನು ವಾಜಿವಂಶದವನು. ತಂದೆ ಯಕ್ಷರಾಜ, ತಾಯಿ ಲೋಕಾಂಬಿಕೆ, ಮಡದಿ ಪದ್ಮಾವತಿ, ತಮ್ಮಂದಿರು ಲಕ್ಷ್ಮಣ ಮತ್ತು ಅಮರ. ಒಬ್ಬ ಸೇನಾನಿಯನ್ನು ಹೊಗಳುವ ಶಾಸನವು ಅವನ ಮನೆಯವರನ್ನೆಲ್ಲ ಹೀಗೆ ಹೆಸರಿಸುವುದು ಸಣ್ಣ ಸಂಗತಿಯಲ್ಲ. ಪುರುಷನ ಪ್ರತಾಪವು ರಣರಂಗದಲ್ಲಿ ಬೆಳಗಬಹುದು. ಅವನ ಧರ್ಮವು ಮಾತ್ರ ಮೊದಲು ಮನೆಯಲ್ಲಿಯೇ ಬೇರೂರಬೇಕು. ವಿಷ್ಣುವರ್ಧನನ ಕಾಲದಲ್ಲಿ ಆರಂಭವಾದ ಹುಳ್ಳನ ರಾಜಸೇವೆಯು ಒಂದನೆಯ ನರಸಿಂಹನ ಕಾಲದಲ್ಲಿ ಉನ್ನತಿಯನ್ನು ಪಡೆದು, ಇಮ್ಮಡಿ ಬಲ್ಲಾಳನ ಕಾಲದವರೆಗೂ ಸಾಗಿತು. ಸಿಂಹಾಸನದ ಮೇಲೆ ಅರಸರು ಬದಲಾದರೂ ಭಂಡಾರದ ಬೀಗದ ಕೈ ಅವನಲ್ಲಿಯೇ ಉಳಿಯಿತೆಂದರೆ ಆ ಕೈಯ ಶುದ್ಧಿಯನ್ನು ಬೇರೆ ಮಾತಿನಲ್ಲಿ ವಿವರಿಸಬೇಕಾಗಿಲ್ಲ. ಕಾರ್ಯನಿರ್ವಾಹದಲ್ಲಿ ಅವನು ಯೌಗಂಧರಾಯಣನನ್ನೂ ರಾಜನೀತಿಯಲ್ಲಿ ಬೃಹಸ್ಪತಿಯನ್ನೂ ಮೀರಿದವನೆಂದು ಶಾಸನಕಾರನು ಹೊಗಳಿದ್ದಾನೆ.

ಬೆಳುಗೊಳದ ಶಾಸನವೊಂದರಲ್ಲಿ ಬಹು ಸ್ವಾರಸ್ಯವಾದ ಒಂದು ಮಾತಿದೆ. ಜಿನಶಾಸನವನ್ನು ಸ್ಥಿರವಾಗಿ ಉದ್ಧರಿಸಿದವರು ಯಾರು ಎಂದು ಕೇಳಿದರೆ, ಮೊದಲು ರಾಚಮಲ್ಲನ ಮಂತ್ರಿಯಾದ ಚಾವುಂಡರಾಯ, ಅವನ ತರುವಾಯ ವಿಷ್ಣುವರ್ಧನನ ಮಂತ್ರಿಯಾದ ಗಂಗರಾಜ, ಅವನ ತರುವಾಯ ನರಸಿಂಹನ ಮಂತ್ರಿಯಾದ ಹುಳ್ಳ ಎಂದು ಅದು ಉತ್ತರ ಕೊಡುತ್ತದೆ. ಚಾವುಂಡರಾಯನು ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ಗಂಗರಾಜನು ಆ ಮೂರ್ತಿಗೆ ಸುತ್ತಾಲಯವನ್ನು ಮಾಡಿಸಿದನು. ಚಿಕ್ಕಬೆಟ್ಟದ ಕತ್ತಲೆ ಬಸದಿಯನ್ನು ತಾಯಿ ಪೋಚವ್ವೆಗಾಗಿ ಕಟ್ಟಿಸಿದನು. ಇವರಿಬ್ಬರ ಕಾರ್ಯಗಳು ಬೆಟ್ಟದ ಮೇಲಿವೆ. ಹುಳ್ಳನ ಮುಖ್ಯ ಕಾರ್ಯವು ಬೆಟ್ಟದ ಕೆಳಗೆ, ಊರಿನೊಳಗೆ, ಜನರು ನಿತ್ಯವೂ ನಡೆದಾಡುವ ದಾರಿಯಲ್ಲಿದೆ. ಈ ಮೂವರೂ ಸಂಸಾರವಂದಿಗರು. ಮೂವರೂ ಕತ್ತಿ ಹಿಡಿದವರು. ಅಣುವ್ರತಗಳ ಮೇರೆಯೊಳಗೆ ನಿಂತು ಗೃಹಸ್ಥನು ಎಷ್ಟು ಎತ್ತರಕ್ಕೆ ಏರಬಹುದೆಂಬುದಕ್ಕೆ ಇವರೇ ನಿದರ್ಶನ.

ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ಜಿನಾಲಯವನ್ನು ನಿರ್ಮಿಸಿದನು. ಅವನು ಭಂಡಾರಿಯಾಗಿದ್ದುದರಿಂದ ಜನರು ಅದನ್ನು ಭಂಡಾರಿ ಬಸದಿಯೆಂದೇ ಕರೆದರು. 266 ಅಡಿ ಉದ್ದ, 78 ಅಡಿ ಅಗಲವಿರುವ ಈ ಬಸದಿಯು ಆ ಊರಿನಲ್ಲಿಯೇ ದೊಡ್ಡದು. ಇಪ್ಪತ್ತನಾಲ್ವರು ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತು ದರ್ಶನವೀಯುವ ಭಾಗ್ಯ ಅಲ್ಲಿದೆ. ನರಸಿಂಹ ಭೂಪಾಲನು ದಿಗ್ವಿಜಯಕ್ಕೆ ಹೊರಟಾಗ ಬೆಳುಗೊಳಕ್ಕೆ ಬಂದು, ಗೊಮ್ಮಟನಿಗೆ ನಮಿಸಿ, ಈ ಜಿನಾಲಯವನ್ನು ಕಂಡು ಹರ್ಷಿಸಿದನು. ಹುಳ್ಳನಿಗೆ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿದ್ದುದರಿಂದ ಬಸದಿಗೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು, ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು.

ಧರ್ಮಬಂಧುಗಳೇ, ಹುಳ್ಳನು ಕಾಲವನ್ನು ಹೇಗೆ ಕಳೆಯುತ್ತಿದ್ದನೆಂಬುದನ್ನೂ ಶಾಸನವು ತಿಳಿಸುತ್ತದೆ. ಜೀರ್ಣ ಜಿನಾಲಯಗಳ ಉದ್ಧಾರ, ಜಿನಪೂಜೆಯ ಸಮಾರಂಭಗಳು, ಮುನಿಸಂಘಕ್ಕೆ ದಾನ, ಜಿನಚರಣಗಳ ಸ್ತವನ, ಜಿನಪುರಾಣಗಳ ಶ್ರವಣ: ಈ ಐದರಲ್ಲಿ ಅವನಿಗೆ ಸಂತೋಷವಿತ್ತೆಂದು ಅದು ಹೇಳುತ್ತದೆ. ರಾಜ್ಯದ ಕೋಶವನ್ನು ಆಳುತ್ತಿದ್ದವನಿಗೆ ಬೇರೆ ಸಂತೋಷಗಳು ದುರ್ಲಭವಾಗಿರಲಿಲ್ಲ. ಆದರೂ ಅವನು ಆರಿಸಿಕೊಂಡ ಸಂತೋಷಗಳು ಇವು.

ಈ ಐದರಲ್ಲಿ ಮೊದಲನೆಯದು ಜೀರ್ಣೋದ್ಧಾರ. ಬಂಕಾಪುರದಲ್ಲಿ ಪಾಳುಬಿದ್ದಿದ್ದ ಎರಡು ಬಸದಿಗಳನ್ನು ಹುಳ್ಳನು ಎತ್ತಿ ನಿಲ್ಲಿಸಿದನು. ಕೆಲ್ಲಂಗೆರೆಯು ಗಂಗರು ನೆಲೆಗೊಳಿಸಿದ ಪ್ರಾಚೀನ ತೀರ್ಥ. ಕಾಲವಶದಿಂದ ಅದು ಹೆಸರಿಗಷ್ಟೇ ಉಳಿದಿದ್ದಾಗ, ತಳಪಾಯದಿಂದ ಕಳಶದವರೆಗೆ ಜಿನಾಲಯವನ್ನು ಕಟ್ಟಿಸಿ, ಪಂಚಕಲ್ಯಾಣಗಳನ್ನು ನೆನೆದು ಇನ್ನೂ ಐದು ಬಸದಿಗಳನ್ನು ಮಾಡಿಸಿದನು. ಕೊಪಣದಲ್ಲಿ, ಎಂದರೆ ಇಂದಿನ ಕೊಪ್ಪಳದಲ್ಲಿ, ಚಿನ್ನವನ್ನು ಕೊಟ್ಟು ಭೂಮಿಯನ್ನು ಪಡೆದು ಮುನಿಸಂಘದ ಆಹಾರದಾನಕ್ಕೆ ಶಾಶ್ವತವಾದ ಏರ್ಪಾಡು ಮಾಡಿದನು. 1163ರಲ್ಲಿ ದೇವಕೀರ್ತಿ ಪಂಡಿತದೇವರು ಸಮಾಧಿಸ್ಥರಾದಾಗ ಗುರುಭಕ್ತಿಯಿಂದ ಅವರ ನಿಷಿಧಿಯನ್ನು ನಿಲ್ಲಿಸಿದನು. ಈ ಕಾರ್ಯಗಳ ಪಟ್ಟಿಯನ್ನು ನೋಡಿದರೆ ಹೊಸದನ್ನು ಕಟ್ಟುವಷ್ಟೇ ಉತ್ಸಾಹವು ಹಳೆಯದನ್ನು ಕಾಯುವುದರಲ್ಲಿಯೂ ಅವನಿಗಿದ್ದುದು ಕಂಡುಬರುತ್ತದೆ.

ಇನ್ನು ನಾಲ್ಕನೆಯದಾದ ಸ್ತವನದ ವಿಚಾರ. ಜಿನಧರ್ಮದಲ್ಲಿ ನಾದಕ್ಕೆ ಹಿರಿದಾದ ಸ್ಥಾನವಿದೆ. ತೀರ್ಥಂಕರರ ಅಷ್ಟ ಪ್ರಾತಿಹಾರ್ಯಗಳಲ್ಲಿ ದೇವದುಂದುಭಿಯೂ ದಿವ್ಯಧ್ವನಿಯೂ ಸೇರಿವೆ. ಸಮವಸರಣದಲ್ಲಿ ಎಲ್ಲ ಜೀವಿಗಳಿಗೂ ಅವರವರ ಭಾಷೆಯಲ್ಲಿ ತಿಳಿಯುವಂತೆ ಹೊಮ್ಮುವುದು ದಿವ್ಯಧ್ವನಿ. ಜನ್ಮಕಲ್ಯಾಣದಲ್ಲಿ ಮೇರುಪರ್ವತದ ಪಾಂಡುಕಶಿಲೆಯ ಮೇಲೆ ಅಭಿಷೇಕವಾದ ಬಳಿಕ ಸೌಧರ್ಮೇಂದ್ರನು ಆನಂದದಿಂದ ನರ್ತಿಸುತ್ತಾನೆ. ಈ ದಿನಗಳಲ್ಲಿ ಇದೇ ಮಂಟಪದಲ್ಲಿ ಆ ಕಲ್ಯಾಣವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಂಡಾರಿ ಬಸದಿಯ ಬಾಗಿಲವಾಡದ ಮೇಲ್ಭಾಗದಲ್ಲಿಯೂ ನರ್ತಿಸುವ ಇಂದ್ರನ ಮೂರ್ತಿಯನ್ನು ಕೆತ್ತಲಾಗಿದೆ. ಒಳಗೆ ಇಪ್ಪತ್ತನಾಲ್ವರು ಜಿನರ ನಿಶ್ಚಲ ಶಾಂತಿ. ಬಾಗಿಲಲ್ಲಿ ಭಕ್ತನ ಆನಂದ.

ಆ ಕಾಲದ ಶ್ರಾವಕ ಸಮಾಜವು ಗೀತ ವಾದ್ಯ ನೃತ್ಯಗಳನ್ನು ಧರ್ಮದಿಂದ ದೂರವಿಟ್ಟಿರಲಿಲ್ಲ. 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿಯು ಗೀತವಾದ್ಯನೃತ್ಯಗಳಲ್ಲಿ ಪಾರಂಗತೆಯೆಂದು ಶಾಸನಗಳು ಕೊಂಡಾಡುತ್ತವೆ. ಇಮ್ಮಡಿ ಬಲ್ಲಾಳನ ಕಾಲದ ಪಟ್ಟಣಸ್ವಾಮಿ ನಾಗದೇವನು ಬೆಳುಗೊಳದಲ್ಲಿ ನಗರ ಜಿನಾಲಯವನ್ನು ಕಟ್ಟಿಸಿದನು. ಪಾರ್ಶ್ವದೇವರ ಬಸದಿಯ ಮುಂದೆ ನೃತ್ಯರಂಗವನ್ನೂ ಕಲ್ಲುಹಾಸನ್ನೂ ಮಾಡಿಸಿದನು. 1195ರ ಶಾಸನವು ಇದನ್ನು ತಿಳಿಸುತ್ತದೆ. ಆ ನಗರ ಜಿನಾಲಯದ ರಕ್ಷಣೆಯ ಹೊಣೆ ಹೊತ್ತವರು ಬೆಳುಗೊಳದ ವರ್ತಕರು. ಹಗಲೆಲ್ಲ ತಕ್ಕಡಿ ಹಿಡಿದವರು ಸಂಜೆಯಾದರೆ ಜಿನಾಲಯದ ಜವಾಬ್ದಾರಿಯನ್ನು ಹೊರುತ್ತಿದ್ದರೆಂಬುದು ವರ್ತಕ ಸಮುದಾಯವು ಮರೆಯಬಾರದ ಮಾತು.

ವೀತರಾಗನ ಸನ್ನಿಧಿಯಲ್ಲಿ ರಾಗಕ್ಕೇನು ಕೆಲಸವೆಂದು ಕೆಲವರು ಕೇಳುವುದುಂಟು. ಪ್ರಶ್ನೆ ಹಗುರವಾದುದಲ್ಲ. ಆದಿನಾಥ ಸ್ವಾಮಿಯ ಆಸ್ಥಾನದಲ್ಲಿ ನೀಲಾಂಜನೆಯು ನರ್ತಿಸುತ್ತಿರುವಾಗಲೇ ಅವಳ ಆಯುಷ್ಯವು ತೀರಿತು. ಇಂದ್ರನು ಕ್ಷಣಮಾತ್ರದಲ್ಲಿ ಮತ್ತೊಬ್ಬಳನ್ನು ತಂದು ನಿಲ್ಲಿಸಿದರೂ ಸ್ವಾಮಿಯು ಆ ವ್ಯತ್ಯಾಸವನ್ನು ಅರಿತನು, ವೈರಾಗ್ಯವು ಉದಿಸಿತು. ಸಭೆಯಲ್ಲಿದ್ದವರೆಲ್ಲರೂ ನೋಡಿದ್ದು ಅದೇ ನೃತ್ಯ. ಉಳಿದವರಿಗೆ ವಿನೋದವಾದುದೇ ಸ್ವಾಮಿಗೆ ಬೋಧೆಯಾಯಿತು. ದೋಷವು ನಾದದಲ್ಲಿಲ್ಲ, ಕೇಳುವ ಮನಸ್ಸಿನಲ್ಲಿದೆ ಎಂಬ ತತ್ತ್ವವು ಇದರಿಂದ ಸ್ಪಷ್ಟವಾಗುತ್ತದೆ. ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ ಚಿತ್ರಿಸಿದ ಭರತ ಚಕ್ರವರ್ತಿಯೂ ಮಡದಿ ಮಕ್ಕಳ ನಡುವೆ, ಗೀತ ನೃತ್ಯಗಳ ನಡುವೆ ಇದ್ದುಕೊಂಡೇ ಆತ್ಮಯೋಗವನ್ನು ಸಾಧಿಸಿದವನು. ಆ ಮಹಾಕಾವ್ಯವು ಹಾಡುವುದಕ್ಕೆಂದೇ ಇರುವ ಸಾಂಗತ್ಯದಲ್ಲಿ ರಚಿತವಾಗಿದೆ. ಓದು ಬಾರದ ಮುತ್ತಜ್ಜಿಯರಿಗೂ ಅದರ ಪದ್ಯಗಳು ಬಾಯಿಗೆ ಬರುತ್ತಿದ್ದುದು ಅವರು ಅವನ್ನು ಹಾಡಿ ಕಲಿತಿದ್ದುದರಿಂದ.

ಸಭಿಕರು ಆಲೋಚಿಸಬೇಕಾದ ಮಾತು ಇಲ್ಲಿಯೇ ಇದೆ. ಹುಳ್ಳನ ಐದು ಸಂತೋಷಗಳಲ್ಲಿ ಕಟ್ಟಡ, ಪೂಜೆ, ದಾನ ಈ ಮೂರಕ್ಕೆ ಹಣ ಬೇಕು. ಆ ಹಣವನ್ನು ಸಮಾಜವು ಹೇಗಾದರೂ ಒದಗಿಸುತ್ತದೆ; ಈ ಬಸದಿಯೇ ಅದಕ್ಕೆ ಸಾಕ್ಷಿ. ಸ್ತವನ ಮತ್ತು ಪುರಾಣಶ್ರವಣಕ್ಕೆ ಬೇಕಾಗುವುದು ಹಣವಲ್ಲ, ಜನ. ಸಂಜೆ ಅರ್ಧ ಗಂಟೆ ಬಂದು ಕುಳಿತುಕೊಳ್ಳುವ ಜನ. ಇಂದು ಅನೇಕ ಊರುಗಳಲ್ಲಿ ಶ್ರಾವಕರ ಮನೆಗಳು ಕಡಿಮೆಯಾಗಿವೆ. ವಿದ್ಯಾವಂತ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೋ ಹೊರದೇಶಕ್ಕೋ ತೆರಳಿದ್ದಾರೆ. ಬೆಳಿಗ್ಗೆ ಇಂದ್ರರು ಬಂದು ಅಭಿಷೇಕ ಮಾಡಿ ಬಾಗಿಲು ಹಾಕಿಕೊಂಡು ಹೋದರೆ ಮರುದಿನದವರೆಗೆ ಮನುಷ್ಯರ ಧ್ವನಿಯೇ ಕೇಳದ ಬಸದಿಗಳಿವೆ. ಗೋಡೆ ಬಿರುಕುಬಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಚಂದಾ ಎತ್ತಿ ಸರಿಪಡಿಸುತ್ತಾರೆ. ಹಾಡು ನಿಂತುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ತಲೆಮಾರು ಕಳೆದ ಮೇಲೆ ಅದನ್ನು ಸರಿಪಡಿಸಲು ಶಿಲ್ಪಿಗಳೂ ದೊರೆಯುವುದಿಲ್ಲ.

ಹಾಡು ಉಳಿಯುವ ಬಗೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದು ನಾಡಿಗೆಲ್ಲ ಪ್ರಸಿದ್ಧವಾಗಿದೆ. ವಿದ್ವಾನ್ ಆರ್.ಕೆ. ಶ್ರೀಕಂಠನ್ (1920–2014) ಅವರು ಅಲ್ಲಿ ಜನಿಸಿದವರು. ಚಿಕ್ಕ ಹಳ್ಳಿಯೊಂದಕ್ಕೆ ಅಷ್ಟು ದೊಡ್ಡ ಕೀರ್ತಿ ಬಂದುದು ಅಲ್ಲಿನ ಮನೆಗಳಲ್ಲಿ ಹಿರಿಯರ ಹಾಡು ಮಕ್ಕಳ ಕಿವಿಯ ಮೇಲೆ ಬೀಳುತ್ತಿದ್ದುದರಿಂದ. ಧರ್ಮದ ವಿಷಯವೂ ಹೀಗೆಯೇ. ಮನೆಯ ಹಿರಿಯನು ಸಂಧ್ಯಾಕಾಲದಲ್ಲಿ ಣಮೋಕಾರ ಮಂತ್ರವನ್ನು ಹೇಳಿ ಒಂದು ಸ್ತುತಿಯನ್ನು ಹಾಡಿದರೆ ಮಗುವಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ.

ಹುಳ್ಳನ ಚರಿತ್ರೆಯಲ್ಲಿ ಕೊನೆಯದಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಭಂಡಾರಿ ಬಸದಿಗೆ 1159ರಲ್ಲಿಯೇ ಅರಸನು ಗ್ರಾಮವನ್ನು ದತ್ತಿ ಬಿಟ್ಟಿದ್ದನು. ಇಷ್ಟಕ್ಕೆ ತನ್ನ ಕರ್ತವ್ಯವು ಮುಗಿಯಿತೆಂದು ಹುಳ್ಳನು ಕೈತೊಳೆದುಕೊಳ್ಳಲಿಲ್ಲ. 1173ರಲ್ಲಿ ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದ ಮೇಲೆ, ವೃದ್ಧನಾಗಿದ್ದ ಈ ಸೇನಾನಿಯು ಹೊಸ ಅರಸನಿಂದ ಸವಣೇರನ್ನೂ ಅದರೊಡನೆ ಬೆಕ್ಕ, ಕಗ್ಗೆರೆ ಗ್ರಾಮಗಳನ್ನೂ ಪಡೆದು ದೇವರ ಸೇವೆಗೆ ಅರ್ಪಿಸಿದನು. ಪ್ರತಿಷ್ಠೆಯಾಗಿ ಹದಿನಾಲ್ಕು ವರ್ಷಗಳು ಕಳೆದ ಮೇಲೂ ಅವನ ಚಿಂತೆ ಬಸದಿಯ ನಿತ್ಯಪೂಜೆಯದೇ ಆಗಿತ್ತು. ಅರಸನು ಬದಲಾದಾಗ ಹಳೆಯ ಮಂತ್ರಿಗಳು ತಮಗಾಗಿ ಬೇಡುವುದು ಲೋಕರೂಢಿ. ಹುಳ್ಳನು ಬೇಡಿದ್ದು ತನಗಾಗಿ ಅಲ್ಲ.

ಅದೇ ಬಸದಿಯ ಆವರಣದಲ್ಲಿ 1368ರ ಬುಕ್ಕರಾಯನ ಪ್ರಸಿದ್ಧ ಶಾಸನವೂ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ಅರಸನು ಪರಿಹರಿಸಿದುದನ್ನು ಹೇಳುವ ಆ ಶಾಸನದಲ್ಲಿ ವರ್ತಕರ ಮನಸ್ಸಿಗೆ ಹಿಡಿಸುವ ಲೆಕ್ಕವೊಂದಿದೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳುಗೊಳದ ದೇವರ ರಕ್ಷಣೆಗೆ ಇಪ್ಪತ್ತು ಜನರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಒಬ್ಬ ಧನಿಕನ ದೊಡ್ಡ ಕಾಣಿಕೆಯನ್ನು ಹಿರಿಯರು ನೆಚ್ಚಿಕೊಳ್ಳಲಿಲ್ಲ. ಪ್ರತಿ ಮನೆಯ ಸಣ್ಣ ಕಾಣಿಕೆ, ಅದೂ ಪ್ರತಿ ವರ್ಷ ಎಂಬುದು ಅವರ ಏರ್ಪಾಡು. ಆ ಒಂದು ಹಣದಲ್ಲಿ ಪ್ರತಿ ಮನೆಗೂ ಬಸದಿಯ ಮೇಲೆ ಹಕ್ಕೂ ಇತ್ತು, ಹೊಣೆಯೂ ಇತ್ತು.

ಈ ನೂತನ ಬಸದಿಗೂ ಅಂತಹುದೇ ಏರ್ಪಾಡು ಬೇಕು. ಮನೆಗೊಂದು ಹಣ ಬರಲಿ. ಅದರೊಡನೆ ಮನೆಗೊಂದು ಕಂಠವೂ ಬರಲಿ. ವಾರದ ಏಳು ಸಂಜೆಗಳನ್ನು ಏಳು ಮನೆತನಗಳು ವಹಿಸಿಕೊಂಡರೆ ಬಸದಿಯು ಒಂದು ದಿನವೂ ಮೌನವಾಗಿರುವುದಿಲ್ಲ. ಸೇನೆಯಿಂದಲೋ ಸರ್ಕಾರಿ ಸೇವೆಯಿಂದಲೋ ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರು, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಲ್ಲಿ ಅನುಭವವಿದೆ, ಸಮಯವಿದೆ; ಕೆಲವರಲ್ಲಿ ಹಾರ್ಮೋನಿಯಂ ನುಡಿಸುವ ಕೈಯೂ ಇದೆ. ಕಾಲವನ್ನು ಹೇಗೆ ಕಳೆಯುವುದೆಂದು ಅವರು ಕೇಳಿದರೆ ಹುಳ್ಳರಾಜನ ಶಾಸನವು ಉತ್ತರ ಕೊಡುತ್ತದೆ.

ಪ್ರತಿಷ್ಠೆಯು ಒಂದು ಮುಹೂರ್ತದ ಕಾರ್ಯ, ಪಾಲನೆಯು ಅನುದಿನದ ಕಾರ್ಯ. ಮೊದಲನೆಯದು ಶ್ರೀ ಜಿನಕೃಪೆಯಿಂದ ನಿರ್ವಿಘ್ನವಾಗಿ ನೆರವೇರಿದೆ. ಎರಡನೆಯದು ಇಂದಿನ ಸಂಜೆಯಿಂದಲೇ ಆರಂಭವಾಗಲಿ. ಈ ಜಿನಾಲಯದಲ್ಲಿ ಜಿನಸ್ತುತಿಯು ಎಂದೆಂದಿಗೂ ಕೇಳಿಬರಲಿ. ಸರ್ವ ಜೀವಿಗಳಿಗೂ ಮಂಗಳವಾಗಲಿ.