ಅಡವಿಟ್ಟ ಬೀರು

(ಸಂತ ವಿನ್ಸೆಂಟ್ ದೆ ಪೌಲರ ಹಬ್ಬದಂದು ಬಾಣಾವರದಲ್ಲಿ ನೀಡಿದ ಪ್ರಬೋಧನೆ)



ಸೆಪ್ಟೆಂಬರ್ 27, ಬಡವರ ಬಂಧು ಸಂತ ವಿನ್ಸೆಂಟ್ ದೆ ಪೌಲರ ಹಬ್ಬ. ಅವರು ಗುರುಗಳು. 'ಗುರುಗಳಿಗೆ ಹೆಂಡತಿ ಮಕ್ಕಳ ಜಂಜಾಟವಿಲ್ಲ, ಸೇವೆ ಮಾಡುತ್ತಾರೆ. ಸಂಸಾರಸ್ಥರಾದ ನಮಗೆಲ್ಲಿ ಪುರುಸೊತ್ತು?' ಎಂದು ನಾವು ಹೇಳುವುದುಂಟು. ಕೊಬ್ಬರಿ ಬೆಲೆ ಬಿದ್ದ ವರ್ಷ, ಮಕ್ಕಳ ಫೀಸು ಕಟ್ಟುವ ತಿಂಗಳು ಆ ಮಾತು ಸುಳ್ಳೂ ಅಲ್ಲ. ಆದ್ದರಿಂದ ಇಂದು ಈ ಸಂತರ ಹೆಸರಿನ ಸಂಘವನ್ನು ಕಟ್ಟಿದ ಒಬ್ಬ ಸಂಸಾರಸ್ಥರನ್ನು ನೆನೆಯೋಣ. ಅವರೇ ಪುನೀತ ಫ್ರೆಡರಿಕ್ ಓಜನಾಮ್.

1813ರ ಏಪ್ರಿಲ್ 23ರಂದು ಮಿಲಾನಿನಲ್ಲಿ ಹುಟ್ಟಿ, ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಬೆಳೆದವರು. ತಂದೆ ವೈದ್ಯರು, ಬಡ ರೋಗಿಗಳಿಂದ ಹಣ ಕೇಳದವರು. ಫ್ರೆಡರಿಕ್ ಓದಲು ಪ್ಯಾರಿಸಿಗೆ ಬಂದರು. 1832ರಲ್ಲಿ ಆ ನಗರವನ್ನು ಕಾಲರಾ ಹಿಂಡಿತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಒಬ್ಬ ಸವಾಲು ಹಾಕಿದ: 'ನಿಮ್ಮ ಧರ್ಮಸಭೆ ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ಬಡವರಿಗಾಗಿ ನೀವೇನು ಮಾಡುತ್ತಿದ್ದೀರಿ?' ಓಜನಾಮ್ ಒಳ್ಳೆಯ ಮಾತುಗಾರರು, ವಾದದಲ್ಲೇ ಗೆಲ್ಲಬಹುದಿತ್ತು. ಆದರೆ ಪ್ರಶ್ನೆ ಅವರನ್ನು ಚುಚ್ಚಿತು. 1833ರ ಏಪ್ರಿಲ್ 23ರಂದು ಕೆಲವು ಗೆಳೆಯರೊಡನೆ ಮೊದಲ ಸಭೆ ಸೇರಿದರು. ಅಂದು ಅವರಿಗೆ ಇಪ್ಪತ್ತು ತುಂಬಿತ್ತು! ಯಾವ ಮನೆಗೆ ಹೋಗಬೇಕು, ಬಡವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರೆಂದು. ಇಂದು ಅವರೂ ಪುನೀತರು.

1841ರ ಜೂನ್ 23ರಂದು ಅಮೇಲಿಯವರೊಡನೆ ವಿವಾಹ. ಅದರ ನೆನಪಿಗೆ ಪ್ರತಿ ತಿಂಗಳ 23ರಂದು ಹೆಂಡತಿಗೆ ಹೂವು ಕೊಡುತ್ತಿದ್ದರಂತೆ, ಕಾಯಿಲೆ ಬಿದ್ದಾಗಲೂ. (ನಮ್ಮ ಗಂಡಸರು ಇದನ್ನು ಸ್ವಲ್ಪ ಗಮನಿಸಿ!) ಎರಡು ಬಾರಿ ಗರ್ಭ ನಿಲ್ಲದ ನೋವಿನ ನಂತರ 1845ರಲ್ಲಿ ಮಗಳು ಹುಟ್ಟಿದಳು.

ಒಂದು ಹೊಸ ವರ್ಷದ ದಿನ. ತಾವು ಭೇಟಿ ಕೊಡುತ್ತಿದ್ದ ಒಂದು ಕುಟುಂಬ, ಹಿಂದಿನ ಒಳ್ಳೆಯ ದಿನಗಳಿಂದ ಉಳಿದಿದ್ದ ಒಂದೇ ಒಂದು ಬೀರನ್ನೂ ಅಡವಿಟ್ಟಿದೆ ಎಂದು ಓಜನಾಮರಿಗೆ ಗೊತ್ತಿತ್ತು. ಅದನ್ನು ಬಿಡಿಸಿ ಕೊಡುವ ಮನಸ್ಸು. ಅಮೇಲಿ ಬೇಡವೆಂದರು, ಅವರ ಮಾತಿನಲ್ಲೂ ನ್ಯಾಯವಿತ್ತು, ಇವರು ಒಪ್ಪಿ ಸುಮ್ಮನಾದರು. ಸಂಜೆ ಮನೆ ತುಂಬ ಮಗಳ ಆಟಿಕೆಗಳು. ಮಗು ಮಿಠಾಯಿ ತಂದು ಕೊಟ್ಟರೆ ತಂದೆಗೆ ಬೇಡ. ಏಕೆಂದು ಕೇಳಿದಾಗ, ಆ ಬೀರಿನ ಹಣ ಈ ಆಟಿಕೆಗಳಿಗೆ ಹೋಯಿತಲ್ಲಾ ಎಂಬ ಸಂಕಟ ಹೊರಬಂತು. ಈಗ ಅಮೇಲಿಯೇ ಹೋಗಿ ಬನ್ನಿ ಎಂದರು. ಬೀರನ್ನು ಆ ಮನೆಗೆ ತಲುಪಿಸಿ, ನಗುನಗುತ್ತಾ ಹಿಂದಿರುಗಿದರು.

ನೋಡಿ, ಅವರು ಮಗಳ ಆಟಿಕೆಗಳನ್ನು ಕಿತ್ತುಕೊಳ್ಳಲಿಲ್ಲ, ಹೆಂಡತಿಗೆ ತಿಳಿಯದಂತೆ ಹಣ ಒಯ್ಯಲಿಲ್ಲ. ಮನೆಯವರ ಮೇಲಿನ ಮಮತೆಯೇ ಅಕ್ಕಪಕ್ಕದ ಮನೆಯ ಮಗುವನ್ನು ಅವರಿಗೆ ತೋರಿಸಿತು. ಸಂತ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಹಸಿದವನಲ್ಲಿ ತನ್ನನ್ನೇ ಕಾಣಬೇಕೆಂದು ಪ್ರಭು ಹೇಳುವಾಗ ಸಂಸಾರಸ್ಥರಿಗೆ ವಿನಾಯಿತಿ ಕೊಟ್ಟಿಲ್ಲ.

1853ರ ಸೆಪ್ಟೆಂಬರ್ 8ರಂದು, ನಾವು ತೆನೆ ಹಬ್ಬ ಆಚರಿಸುವ ದಿನ, ಮಾರ್ಸೆಯಲ್ಲಿ ಓಜನಾಮ್ ಪ್ರಭುವಿನಲ್ಲಿ ನಿದ್ರಿಸಿದರು. ವಯಸ್ಸು ನಲವತ್ತು. ಮಗಳಿಗೆ ಎಂಟು. 1997ರ ಆಗಸ್ಟ್ 22ರಂದು ಜಗದ್ಗುರು ಎರಡನೇ ಜಾನ್ ಪೌಲ್ ಪ್ಯಾರಿಸಿನಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು.

ಬಲಿಪೂಜೆಯ ನಂತರ ಮನೆಭೇಟಿಗೆ ಹೋಗುವವರ ಸಭೆಯಿದೆ. ಈ ಸಲ ಗಂಡಸರು ಮಾತ್ರವಲ್ಲ, ಗಂಡ ಹೆಂಡತಿ ಇಬ್ಬರೂ ಬನ್ನಿ. ಮಕ್ಕಳನ್ನೂ ಕರೆತನ್ನಿ.