ಜಾಲಪುಟದ ಕನ್ನಡ: ಶಾಲೆಯ ಕೈಗೆಟಕುವ ಉಪಕರಣಗಳು



ಜಾಲತಾಣ ರಚನೆಯ ಉಪಕರಣಗಳೆಂದೊಡನೆ ದುಬಾರಿ ತಂತ್ರಾಂಶಗಳೂ ನಗರದ ತರಬೇತಿ ಕೇಂದ್ರಗಳೂ ನೆನಪಿಗೆ ಬರುವುದುಂಟು. ವಾಸ್ತವದಲ್ಲಿ ಒಂದು ಜಾಲಪುಟ ಸಿದ್ಧವಾಗಲು ಬೇಕಾದವು ಎರಡೇ: ಸರಳ ಪಠ್ಯವನ್ನು ಬರೆದಿಡುವ ತಂತ್ರಾಂಶ, ಬರೆದುದನ್ನು ತೆರೆದು ತೋರಿಸುವ ಬ್ರೌಸರ್. ವಿಂಡೋಸ್‌ನಲ್ಲಿರುವ ನೋಟ್‌ಪ್ಯಾಡ್ ಸಾಕು. ವಿಷುಯಲ್ ಸ್ಟುಡಿಯೋ ಕೋಡ್ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದ್ದರೆ ಕೆಲಸ ಸುಗಮ, ಎರಡೂ ಉಚಿತ. ಪುಟವನ್ನು ಬರೆದು ನೋಡುವ ಮಟ್ಟಿಗೆ ಅಂತರಜಾಲದ ಸಂಪರ್ಕವೂ ಬೇಡ. ಕನ್ನಡ ಶಾಲೆಗೆ ಎದುರಾಗುವ ತೊಡಕು ಬೇರೆ. ಪುಟದಲ್ಲಿ ಓದುಗರಿಗೆ ಕನ್ನಡವಾಗಿ ಕಾಣುವುದು ಗಣಕಯಂತ್ರಕ್ಕೂ ಕನ್ನಡವೇ ಆಗಿದೆಯೇ ಎಂಬುದು ಮೊದಲ ಪ್ರಶ್ನೆ.

ಹಲವು ಶಾಲೆಗಳಲ್ಲಿ ವಾರ್ಷಿಕ ಸಂಚಿಕೆ, ಪ್ರಶ್ನೆಪತ್ರಿಕೆ, ಊರಿನ ಇತಿಹಾಸದ ಟಿಪ್ಪಣಿಗಳು ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಉಳಿದಿವೆ. ಆ ಕಡತಗಳೊಳಗೆ ಕನ್ನಡ ಅಕ್ಷರಗಳಿಲ್ಲ. ಹಳೆಯ ನುಡಿಯಲ್ಲಿ 'ಕ' ಎಂದು ಬೆರಳಚ್ಚಿಸಿದರೆ ಕಡತದಲ್ಲಿ ದಾಖಲಾಗುವುದು ರೋಮನ್ ಲಿಪಿಯ 'ಪಿ' ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ 'ಎ'. ಮೊದಲನೆಯದು ಅಕ್ಷರದ ಮೈ, ಎರಡನೆಯದು ತಲೆಕಟ್ಟು. ಆ ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ; ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಸಾಲುಗಳು ತೆರೆದುಕೊಳ್ಳುತ್ತವೆ. ಅಂತಹ ಪಠ್ಯದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುತ್ತೋಲೆಯನ್ನು ಚಿತ್ರವಾಗಿ ಹಾಕುವುದರಿಂದಲೂ ಹೆಚ್ಚುಕಡಿಮೆ ಇದೇ ಫಲ.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅದರಲ್ಲಿ ಕನ್ನಡದ 'ಕ'ಕಾರದ ಸಂಖ್ಯೆ 3221. ತೆಲುಗಿನದು 3093, ಮಲಯಾಳದ್ದು 3349, ತಮಿಳಿನದು 2965, ದೇವನಾಗರಿಯದು 2325. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿವೆ. ಆದರೆ ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಯಂತ್ರ ಅವನ್ನೂ ಕನ್ನಡವೆಂದೇ ಬಗೆದು ವಿಚಿತ್ರ ಅಕ್ಷರಗಳಾಗಿ ಮಾರ್ಪಡಿಸುತ್ತದೆ. ಅರ್ಕಾವತ್ತು, ಮೂರಕ್ಷರದ ಒತ್ತುಗಳಿರುವ ಪದಗಳನ್ನು ಮೂಲದೊಡನೆ ಹೋಲಿಸಬೇಕು. ಪುಟವನ್ನು ಉಳಿಸುವಾಗ ಯುಟಿಎಫ್-8 ಎಂಬ ಸಂಕೇತಕ್ರಮವನ್ನೇ ಆರಿಸಬೇಕು.

ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದರೂ ಕೆಲವು ದೋಷಗಳು ಕಣ್ತಪ್ಪಿಸಿ ನುಸುಳುತ್ತವೆ. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವುದು ಬಹು ಸಾಮಾನ್ಯ. ಮುದ್ರಣದಲ್ಲಿ ಭೇದ ತಿಳಿಯದು, ಹುಡುಕಾಟದಲ್ಲಿ ಮಾತ್ರ ಪದ ಕಳೆದುಹೋಗುತ್ತದೆ. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳ ಶಿಕ್ಷಕರಿಗೆ ಇನ್ನೊಂದು ಎಚ್ಚರಿಕೆ ಬೇಕು. ತೆಲುಗು ಮತ್ತು ಕನ್ನಡ ಕೀಲಿಮಣೆಗಳ ನಡುವೆ ಬದಲಾಯಿಸುತ್ತ ಬರೆಯುವಾಗ ತೆಲುಗಿನ ಅನುಸ್ವಾರವೋ 'ರ'ಕಾರವೋ ಕನ್ನಡ ಪದದೊಳಗೆ ಸೇರಿಬಿಡಬಹುದು. ರೂಪ ಒಂದೇ ಎನಿಸಿದರೂ ಸಂಖ್ಯೆ ಬೇರೆ. ಬ್ರೌಸರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಪುಟದಲ್ಲಿ ಕಾಣುತ್ತಿರುವ ಪದವನ್ನೇ ಹೊಸದಾಗಿ ಬೆರಳಚ್ಚಿಸಿ ಹುಡುಕುವುದು ಇದಕ್ಕೆ ಅತ್ಯಂತ ಅಗ್ಗದ ಪರೀಕ್ಷೆ. (ಯೂನಿಕೋಡ್ ಮಂಡಲಿಯೂ ಎಡವಿದ್ದುಂಟು: ಹಳಗನ್ನಡದ ೞಕಾರಕ್ಕೆ ಪಟ್ಟಿಯಲ್ಲಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ ಸುಮ್ಮನಾಗಬೇಕಾಯಿತು.)

ಗಡಿಯಾಚೆಯ ಶಾಲೆಯ ಪುಟ ಒಂದೇ ಭಾಷೆಯಲ್ಲಿರುವುದು ಅಪರೂಪ. ಕಾಸರಗೋಡಿನಲ್ಲಿ ಮಲಯಾಳದ ಆದೇಶ, ತಾಳವಾಡಿಯಲ್ಲಿ ತಮಿಳಿನ ಪ್ರಕಟಣೆ, ಜತ್ತ ಮತ್ತು ಅಕ್ಕಲಕೋಟೆಗಳಲ್ಲಿ ಮರಾಠಿಯ ಅರ್ಜಿ ಕನ್ನಡದ ಮಗ್ಗುಲಲ್ಲೇ ಇರುತ್ತವೆ. ಎಚ್‌ಟಿಎಂಎಲ್‌ನಲ್ಲಿ 'ಲ್ಯಾಂಗ್' ಎಂಬ ಸಣ್ಣ ಸೂಚನೆಯಿದೆ. ಇಡೀ ಪುಟಕ್ಕೆ 'ಕೆ' 'ಎನ್' ಎಂಬ ಎರಡು ರೋಮನ್ ಅಕ್ಷರಗಳನ್ನೂ, ಮಲಯಾಳದ ಭಾಗಕ್ಕೆ 'ಎಂ' 'ಎಲ್', ಮರಾಠಿಗೆ 'ಎಂ' 'ಆರ್' ಎಂಬವನ್ನೂ ಅಲ್ಲಿ ನಮೂದಿಸಬೇಕು. ತುಳುವಿಗೂ 'ಟಿ' 'ಸಿ' 'ವೈ' ಎಂಬ ಮೂರಕ್ಷರದ ಸಂಕೇತವಿದೆ. ಮರಾಠಿ ಮತ್ತು ಹಿಂದಿ, ತುಳು ಮತ್ತು ಕನ್ನಡ ಒಂದೇ ಲಿಪಿಯಲ್ಲಿ ಬರುವಾಗ ಭಾಷೆ ಯಾವುದೆಂದು ಯಂತ್ರಕ್ಕೆ ತಿಳಿಯುವುದು ಈ ಸೂಚನೆಯಿಂದಲೇ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂತಹ ಉಚಿತ ತಂತ್ರಾಂಶವು ಯಾವ ಧ್ವನಿಯಲ್ಲಿ ಓದಬೇಕೆಂಬುದನ್ನೂ ಇದರಿಂದ ಅರಿಯುತ್ತದೆ. ದೃಷ್ಟಿದೋಷವುಳ್ಳ ಮಗು ಕನ್ನಡದ ಪಾಠವನ್ನು ಕನ್ನಡವಾಗಿಯೇ ಕೇಳುವುದು ಇಷ್ಟು ಸಣ್ಣ ಸೂಚನೆಯನ್ನು ಅವಲಂಬಿಸಿದೆ.

ಮನೆಯಲ್ಲಿ ಕನ್ನಡ ಮಾತನಾಡಿದರೂ ಕನ್ನಡ ಲಿಪಿಯನ್ನು ಓದಲಾರದ ಪೋಷಕರು ಗಡಿಯಾಚೆ ಇದ್ದಾರೆ. ಅವರು ಕಲಿತದ್ದು ತೆಲುಗು ಅಥವಾ ದೇವನಾಗರಿ ಲಿಪಿಯನ್ನು. ಅಕ್ಷರಮುಖ ಎಂಬ ಉಚಿತ ಲಿಪಿಪರಿವರ್ತಕ ಕನ್ನಡ ಪಠ್ಯವನ್ನು ಭಾಷೆ ಬದಲಿಸದೆ ಆ ಲಿಪಿಗಳಿಗೆ ತರುತ್ತದೆ. ತೆಲುಗಿನಲ್ಲಿ ಇದು ಸಲೀಸು. ದೇವನಾಗರಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬರುವ ವಿಶೇಷ ಚಿಹ್ನೆಗಳು ಮರಾಠಿ ಓದುಗರಿಗೆ ಅಪರಿಚಿತವಾದ್ದರಿಂದ ಒಂದು ಸಾಲಿನ ವಿವರಣೆ ಕೊಡುವುದು ಲೇಸು.

ಅಕ್ಷರವಿನ್ಯಾಸಕ್ಕೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ ಮೊದಲಾದವು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಇವನ್ನು ಶಾಲೆಯ ತಾಣದಲ್ಲಿಯೇ ಇರಿಸಿಕೊಳ್ಳಬಹುದು. ಆಯ್ಕೆಗೆ ಮುನ್ನ 'ಸ್ತ್ರೀ', 'ರಾಷ್ಟ್ರೀಯ', 'ಸ್ವಾತಂತ್ರ್ಯ' ಎಂಬ ಪದಗಳನ್ನು ಹಾಕಿ ನೋಡಬೇಕು. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ರೋಮನ್ ಲಿಪಿಯ ಅಳತೆಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಇವೆರಡೂ ಒಂದಕ್ಕೊಂದು ತಾಗುತ್ತವೆ. ಅಕ್ಷರದ ಗಾತ್ರದ 1.6 ಅಥವಾ 1.7 ಪಟ್ಟು ಅಂತರವಿಟ್ಟರೆ ಚಿಕ್ಕ ತರಗತಿಯ ಮಕ್ಕಳೂ ತಡವರಿಸದೆ ಓದಬಲ್ಲರು. ಓರೆ ಅಕ್ಷರಗಳನ್ನು ಬಿಡುವುದೇ ಮೇಲು. ಅವು ಕನ್ನಡ ಮುದ್ರಣದ ರೂಢಿಯಲ್ಲ, ಓರೆ ರೂಪವಿಲ್ಲದ ಫಾಂಟ್‌ಗಳಲ್ಲಿ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಲವಂತವಾಗಿ ಬಾಗಿಸುತ್ತದೆ.

ಉಳಿದ ಉಪಕರಣಗಳ ಮಾತು ಚಿಕ್ಕದು. ಗಣಕಯಂತ್ರದ ಬ್ರೌಸರ್‌ನಲ್ಲಿ ಎಫ್12 ಕೀಲಿ ಒತ್ತಿದರೆ ಪುಟದ ಒಳರಚನೆ ತೆರೆದುಕೊಳ್ಳುತ್ತದೆ. ಅದೇ ಪುಟ ಮೊಬೈಲ್‌ನಲ್ಲಿ ಹೇಗೆ ಕಾಣುವುದು, ನಿಧಾನದ ಸಂಪರ್ಕದಲ್ಲಿ ಎಷ್ಟು ಹೊತ್ತು ಹಿಡಿಯುವುದು ಎಂಬುದನ್ನು ಅಲ್ಲಿಯೇ ಪರೀಕ್ಷಿಸಬಹುದು. ಡಬ್ಲ್ಯು3ಸಿಯ ಪರಿಶೀಲಕ ಎಚ್‌ಟಿಎಂಎಲ್ ದೋಷಗಳನ್ನು ಸಾಲುಸಹಿತ ತೋರಿಸುತ್ತದೆ. ಇಂಗ್ಲಿಷ್ ಓದಬಲ್ಲವರಿಗೆ ಎಂಡಿಎನ್‌ಗಿಂತ ಉತ್ತಮ ಆಕರ ಬೇಡ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆಯ ಸ್ಕೂಲ್ ವಿಕಿ ಇದ್ದೇ ಇದೆ. ಅಲ್ಲಿ ಶಾಲೆಯ ಚರಿತ್ರೆಯನ್ನು ಕನ್ನಡದಲ್ಲಿಯೂ ಸೇರಿಸಲು ಪ್ರತ್ಯೇಕ ತಾಣ ಬೇಕಿಲ್ಲ.

ಕೊನೆಯದಾಗಿ ಕಡತಗಳ ಸಂರಕ್ಷಣೆ. ತಾಣವನ್ನು ಕಟ್ಟಿದ ಶಿಕ್ಷಕರು ವರ್ಗವಾದರೆ ಅಥವಾ ನಿವೃತ್ತರಾದರೆ ಗುಪ್ತಪದವೂ ಅವರೊಡನೆ ಹೋಗುತ್ತದೆ, ನವೀಕರಣ ತಪ್ಪಿ ವಿಳಾಸವೇ ಕೈಬಿಡುತ್ತದೆ. ಆದ್ದರಿಂದ ತಾಣದ ನೋಂದಣಿ ಶಾಲೆಯ ಹೆಸರಿನಲ್ಲಿ, ಶಾಲೆಯ ಮಿಂಚಂಚೆಯಲ್ಲಿ ಇರಬೇಕು. ನವೀಕರಣದ ದಿನಾಂಕವನ್ನು ಕಚೇರಿಯ ದಾಖಲೆಯಲ್ಲಿ ಬರೆದು, ಗುಪ್ತಪದವನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ವಶಕ್ಕೆ ಒಪ್ಪಿಸಬೇಕು. ಪ್ರತಿ ಶೈಕ್ಷಣಿಕ ವರ್ಷದ ಕೊನೆಗೆ ಎಲ್ಲ ಪುಟಗಳ ಯೂನಿಕೋಡ್ ಪ್ರತಿಯೊಂದನ್ನು ಶಾಲೆಯ ಗಣಕಯಂತ್ರದಲ್ಲಿಯೂ ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲಿಯೂ ಇಟ್ಟು, ಅವು ತೆರೆಯುತ್ತವೆಯೇ ಎಂದು ನೋಡಿ, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಸೇರಿಸಬೇಕು.