ಡಿಸ್ಚಾರ್ಜ್ ಚೀಟಿಯಲ್ಲಿ ನಡಿಗೆಯ ಲೆಕ್ಕ



ಅಧ್ಯಕ್ಷರ ಮಾತು ಮುಗಿಯದೆ ಊಟದ ಬಾಗಿಲು ತೆರೆಯುವುದಿಲ್ಲ ಎಂಬ ಸಂಪ್ರದಾಯ ಈ ಸಭೆಗೆ ಗೊತ್ತು. ಹಾಗಾಗಿ ನೇರ ವಿಷಯಕ್ಕೆ. ಹಾರ್ಟ್ ಫೇಲ್ಯೂರ್ ಆದವರು ವ್ಯಾಯಾಮ ಮಾಡಬಹುದೇ ಎಂಬ ಪ್ರಶ್ನೆ ಇತ್ಯರ್ಥವಾಗಿ ವರ್ಷಗಳೇ ಆದವು. ಆ ಉತ್ತರ ಇನ್ನೂ ರೋಗಿಯ ಮನೆ ಮುಟ್ಟಿಲ್ಲ ಎಂಬುದಷ್ಟೇ ಈಗಿನ ತಕರಾರು.

ಹಾಸಿಗೆಯ ಮೇಲಿನ ನಂಬಿಕೆ ಬಲವಾದದ್ದು. 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಹೃದಯಾಘಾತದ ಬಗ್ಗೆ ಬರೆದಾಗ ಕೆಲವು ದಿನಗಳ ಸಂಪೂರ್ಣ ವಿಶ್ರಾಂತಿ ಹೇಳಿದ್ದರು. ಮುಂದೆ ಅದೇ ವಾರಗಟ್ಟಲೆ ಮಲಗಿಸುವ ಪದ್ಧತಿಯಾಗಿ ಬೆಳೆಯಿತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಆರಾಮಕುರ್ಚಿಯಲ್ಲಿ ಕೂರಿಸಿ ಚಿಕಿತ್ಸೆ ಕೊಟ್ಟದ್ದನ್ನು ಪ್ರಕಟಿಸಿದರು. ಓಡಿಸಲಿಲ್ಲ, ನಡೆಸಲಿಲ್ಲ, ಬರೀ ಕೂರಿಸಿದರು. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ತಮಾಷೆಯೆಂದರೆ, ಎದೆನೋವಿನ ರೋಗಿಯೊಬ್ಬ ದಿನಾ ಅರ್ಧ ಗಂಟೆ ಮರ ಕೊಯ್ದು ಹೆಚ್ಚುಕಡಿಮೆ ಗುಣವಾದ ಎಂದು ಲಂಡನ್ನಿನ ವಿಲಿಯಂ ಹೆಬರ್ಡನ್ 18ನೇ ಶತಮಾನದಲ್ಲೇ ಗುರುತು ಹಾಕಿಟ್ಟಿದ್ದರು. ಯಾರೂ ಗಮನಿಸಲಿಲ್ಲ.

‘ಪಂಪಿಂಗ್ ಎಷ್ಟಿದೆ?’ ಎಕೋ ಕೋಣೆಯಿಂದ ಹೊರಬರುತ್ತಲೇ ಮನೆಯವರು ಕೇಳುವ ಮೊದಲ ಮಾತು ಇದು. ಪಂಪಿಂಗ್, ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್, ಶೇ. 30 ಎಂದರೆ ಮುಖ ಬಾಡುತ್ತದೆ. ಆದರೆ ಅದೇ 30 ಇರುವ ಇಬ್ಬರಲ್ಲಿ ಒಬ್ಬರು ಮಹಡಿ ಹತ್ತಿ ಇಳಿಯುತ್ತಾರೆ, ಇನ್ನೊಬ್ಬರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಈ ವ್ಯತ್ಯಾಸದ ದೊಡ್ಡ ಪಾಲು ಹೃದಯದಲ್ಲಿಲ್ಲ, ತೊಡೆಯಲ್ಲಿದೆ. ರೋಗ ಮತ್ತು ಮಲಗಿಕೆ ಎರಡೂ ಸೇರಿ ಅಲ್ಲಿನ ಸ್ನಾಯುವನ್ನು ಕರಗಿಸುತ್ತವೆ; ದಣಿವು ತಾಳುವ ಎಳೆಗಳು ಕಡಿಮೆಯಾಗುತ್ತವೆ, ಮೈಟೋಕಾಂಡ್ರಿಯಾ ಸೊರಗುತ್ತವೆ, ದುಡಿಯುವ ಸ್ನಾಯುವಿಗೆ ರಕ್ತನಾಳ ಬೇಕಾದಷ್ಟು ಹಿಗ್ಗುವುದಿಲ್ಲ. ವ್ಯಾಯಾಮ ಮುಖ್ಯವಾಗಿ ಕೆಲಸ ಮಾಡುವುದು ಇಲ್ಲೇ. ಪಂಪಿಂಗ್ ಅಂಕಿ ಅಲುಗದಿದ್ದರೂ ರೋಗಿ ಹೆಚ್ಚು ದೂರ ನಡೆಯುವುದು ಇದರಿಂದಲೇ.

ಇದಕ್ಕೆ ಸಾಕ್ಷಿ ಸಣ್ಣದಾಗಿ ಶುರುವಾಯಿತು. 1988ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬೆರಳೆಣಿಕೆಯ ರೋಗಿಗಳು, ಆಮೇಲೆ ಆಕ್ಸ್‌ಫರ್ಡ್, 1999ರಲ್ಲಿ ಇಟಲಿಯಲ್ಲಿ 99 ಮಂದಿ. ಕೊನೆಗೆ 2009ರಲ್ಲಿ ಎಚ್‌ಎಫ್-ಆ್ಯಕ್ಷನ್ ಪ್ರಯೋಗ ಬಂತು: ಪಂಪಿಂಗ್ ಶೇ. 35 ಅಥವಾ ಅದಕ್ಕಿಂತ ಕಡಿಮೆಯಿದ್ದ 2,331 ರೋಗಿಗಳು, ಆಸ್ಪತ್ರೆಯಲ್ಲಿ 36 ಬಾರಿ ಅಭ್ಯಾಸ, ನಂತರ ಮನೆಯಲ್ಲೇ ಮುಂದುವರಿಕೆ. ಸಾವು ಮತ್ತು ಆಸ್ಪತ್ರೆ ಸೇರ್ಪಡೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಅಪಾಯ ಶೇ. 7ರಷ್ಟು ಇಳಿದಿತ್ತು, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಅದು ಪಾಸಾಗಲಿಲ್ಲ. ರೋಗದ ತೀವ್ರತೆಯ ಏರುಪೇರನ್ನು ಸರಿದೂಗಿಸಿದ ಮೇಲೆ ಶೇ. 11ಕ್ಕೆ ಬಂದು ಪಾಸಾಯಿತು. ‘ಇಷ್ಟೇನಾ?’ ಎಂದವರು ಬಹಳ. ಆದರೆ ಅದೇ ವರದಿಯ ಇನ್ನೆರಡು ಸಂಗತಿಗಳು ಹೆಚ್ಚು ತೂಕದವು. ಇಷ್ಟು ದುರ್ಬಲ ಹೃದಯದವರಿಗೂ ವ್ಯಾಯಾಮ ಸುರಕ್ಷಿತವಾಗಿತ್ತು ಎಂಬುದು ಒಂದು. ಮನೆಗೆ ಹೋದ ಮೇಲೆ ಹೇಳಿದಷ್ಟು ವ್ಯಾಯಾಮ ಮಾಡಿದವರು ಕಡಿಮೆ ಎಂಬುದು ಇನ್ನೊಂದು.

ಅಲ್ಲಿಂದೀಚೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿದ ಕಾಕ್ರೇನ್ ವಿಮರ್ಶೆಗಳೂ ಹದವಾಗಿಯೇ ಮಾತಾಡುತ್ತವೆ: ಆಸ್ಪತ್ರೆಗೆ ಮರಳುವುದು ತಗ್ಗುತ್ತದೆ, ದಿನದ ಬದುಕು ಸುಧಾರಿಸುತ್ತದೆ, ಮೊದಲ ವರ್ಷದ ಸಾವಿನ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆಯುಸ್ಸು ಹೆಚ್ಚುತ್ತದೆಂದು ರೋಗಿಗೆ ಆಸೆ ಹುಟ್ಟಿಸುವುದು ಬೇಡ. ಸ್ನಾನ ಮಾಡಿ ಸುಸ್ತಾಗದೆ ಹೊರಬರುವುದೇ ಅವರಿಗೆ ದೊಡ್ಡದು.

ನಮ್ಮ ಕಡೆಯ ರೋಗಿ ಪಶ್ಚಿಮದ ರೋಗಿಯಲ್ಲ. ತಿರುವನಂತಪುರದ ಹಾರ್ಟ್ ಫೇಲ್ಯೂರ್ ನೋಂದಣಿಯಲ್ಲಿ 2013ರಲ್ಲಿ ದಾಖಲಾದ 1,205 ಮಂದಿಯ ಸರಾಸರಿ ವಯಸ್ಸು ಸುಮಾರು 61. ಒಂದು ವರ್ಷದೊಳಗೆ ಮೂರರಲ್ಲೊಂದು ಪಾಲಿಗೆ ಹತ್ತಿರ ಜನ ತೀರಿಕೊಂಡಿದ್ದರು. ಗದ್ದೆಗೆ, ಅಂಗಡಿಗೆ ಮರಳಲೇಬೇಕಾದ ವಯಸ್ಸು ಅದು. ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಜಿಲ್ಲಾ ಕೇಂದ್ರದ ಜಿಮ್ಮಿಗೆ ಬನ್ನಿ ಎಂದರೆ ಅವರು ಬರುವುದಿಲ್ಲ, ಬರಲಾಗುವುದೂ ಇಲ್ಲ. ವಾರ್ಡಿನಲ್ಲೇ ಶುರುಮಾಡಿ ಮುಂದೆ ಮನೆಯಲ್ಲಿ ನಡೆಸುವ ಕ್ರಮವನ್ನು ಮಣಿಪಾಲದ ತಂಡ 2011ರ ಹೊತ್ತಿಗೇ ಪರೀಕ್ಷಿಸಿತ್ತು. ಅಧ್ಯಯನ ಚಿಕ್ಕದು, ದಾರಿ ಸರಿಯಾದದ್ದು.

ಹೃದಯಾಘಾತವಾದವರ ಮೇಲೆ ದೇಶದ 24 ಆಸ್ಪತ್ರೆಗಳಲ್ಲಿ ನಡೆದ ಯೋಗ-ಕೇರ್ ಪ್ರಯೋಗದಲ್ಲಿ 3,959 ಜನರಿದ್ದರು. ಸಾವಿನಂಥ ದೊಡ್ಡ ಘಟನೆಗಳು ಖಚಿತವಾಗಿ ತಗ್ಗಿದವೆಂದು ತೋರಲಿಲ್ಲ. ಹಿಂದಿನ ಕೆಲಸಕಾರ್ಯಗಳಿಗೆ ಮರಳುವುದರಲ್ಲಿ ಮಾತ್ರ ಯೋಗದ ಗುಂಪು ಮುಂದಿತ್ತು. ದುಬಾರಿ ಯಂತ್ರ ಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಮೂವತ್ತು ಮೀಟರ್ ಕಾರಿಡಾರ್, ಎರಡು ತುದಿಗೆ ಎರಡು ಕೋನು, ಪಕ್ಕದಲ್ಲೊಂದು ಕುರ್ಚಿ. ಆರು ನಿಮಿಷದ ನಡಿಗೆ ಪರೀಕ್ಷೆಗೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಲುಂಗಿ ಮೇಲೆತ್ತಿ ಕಟ್ಟಿದ ಹಿರಿಯರೊಬ್ಬರು ಮೂರನೇ ಸುತ್ತಿನಲ್ಲಿ ಗೋಡೆಗೆ ಕೈಯೂರಿ ನಿಲ್ಲುತ್ತಾರೆ. ಗಡಿಯಾರ ನಿಲ್ಲಿಸುವ ಹಾಗಿಲ್ಲ. ಮಗ ಓಡಿಬಂದು ‘ಸಾಕು ಅಪ್ಪ, ಕೂತ್ಕೊಳ್ಳಿ’ ಅನ್ನುತ್ತಾನೆ. ಆ ಮಗನಿಗೆ ಅಲ್ಲೇ ಕಲಿಸಬೇಕು. ನಿಂತು ಸುಧಾರಿಸಿಕೊಂಡು ಮತ್ತೆ ನಡೆಯುವುದೂ ಪರೀಕ್ಷೆಯ ಭಾಗ. ಮನೆಯಲ್ಲಿ ನೀರಿನ ಬಿಂದಿಗೆಯನ್ನು ಅಪ್ಪನ ಕೈಯಿಂದ ಕಿತ್ತುಕೊಳ್ಳುವವನೂ ಅವನೇ.

ಹೆಂಗಸರ ಕಥೆ ತಿರುಗುಮುರುಗು. ‘ಮನೆಗೆಲಸ ಮಾಡ್ತಾರಲ್ಲ, ಅದೇ ವ್ಯಾಯಾಮ’ ಎಂದು ವೈದ್ಯರೇ ಕೈತೊಳೆದುಕೊಳ್ಳುತ್ತಾರೆ. ಒಲೆಯ ಮುಂದೆ ನಿಂತೇ ಇರುವುದು ಉಸಿರನ್ನು ಹದವಾಗಿ ಏರಿಸಿ ಇಳಿಸುವ ನಡಿಗೆಯಲ್ಲ.

ಪ್ರಮಾಣ ಹೇಗೆ ಹೇಳಬೇಕು? ಬೀಟಾ ಬ್ಲಾಕರ್ ನುಂಗುವವರಲ್ಲಿ ನಾಡಿಯೊಂದನ್ನೇ ನಂಬುವಂತಿಲ್ಲ. ಅದಕ್ಕೆ ಗುನ್ನಾರ್ ಬೋರ್ಗ್ ಮಾಡಿಕೊಟ್ಟ 6ರಿಂದ 20ರ ಶ್ರಮದ ಅಳತೆಯಿದೆ; 11–13ರ ಸುತ್ತ ಆರಂಭಿಸಬಹುದು. ಅಕ್ಷರ ಬಾರದವರಿಗೆ ಇನ್ನೂ ಸುಲಭ: ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ, ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅಂದಿನ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಬೇಕು.

ಈ ಸಮ್ಮೇಳನದ ಮುಂದಿರುವ ಸಲಹೆ ಒಂದೇ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಬರೆಯುವ ‘ರೆಸ್ಟ್’ ಹೋಗಲಿ. ಅದರ ಜಾಗದಲ್ಲಿ ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಯಾವ ಶ್ರಮದಲ್ಲಿ, ಯಾವ ವಾರ ಎಷ್ಟು ಏರಿಸಬೇಕು ಎಂಬುದು ಕನ್ನಡದಲ್ಲಿ ಬರಲಿ, ಕೆಳಗೆ ಫಿಸಿಯೋಥೆರಪಿಸ್ಟರ ಫೋನ್ ನಂಬರ್ ಇರಲಿ. ಮೂರು ತಿಂಗಳ ನಂತರದ ಭೇಟಿಯಲ್ಲಿ ಎಕೋ ಜೊತೆಗೆ ಆರು ನಿಮಿಷದ ನಡಿಗೆಯನ್ನೂ ಅಳೆದು, ಎರಡು ಅಂಕಿಗಳನ್ನೂ ಅದೇ ಚೀಟಿಯಲ್ಲಿ ಅಕ್ಕಪಕ್ಕ ಬರೆದು ರೋಗಿಯ ಕೈಗೆ ಕೊಡಲಿ.